ಜಾಲಿ ಅಂಟಿನ ಮಸಿ

ನನ್ನ ಅಣ್ಣ ಶಾಂತಯ್ಯನಿಗೆ ಪೇಟೆಯ ಮೇಲೆ ಸಿಟ್ಟಿತ್ತು. ಪೇಟೆ ಅವನಿಗೇನೂ ಮಾಡಿರಲಿಲ್ಲ. ದಿನಾ ಮುಂಜಾನೆ ಹುಬ್ಬಳ್ಳಿಯ ಅದೇ ಪೇಟೆಗೆ ಹೋಗಿ, ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಗುಮಾಸ್ತಿಕೆ ಮಾಡಿ ಸಂಜೆಗೆ ಮನೆಗೆ ಬರುತ್ತಿದ್ದ. ಬರುವಾಗ ಕೈಯಲ್ಲಿ ಒಂದು ಪುಡಿಕೆಯೂ ಇರುತ್ತಿರಲಿಲ್ಲ. “ಮನ್ಯಾಗ ಮಾಡಾಕ ಬರೂದನ್ನ ಪೇಟ್ಯಾಗ ಕೊಳ್ಳಾಂವ ಹುಚ್ಚ” ಎನ್ನುವುದು ಅವನ ಮಾತು. ಮನೆಯಲ್ಲಿ ಮಾಡುವವರು ಯಾರು ಎಂಬುದನ್ನು ಮಾತ್ರ ಅವನು ಎಂದೂ ಹೇಳುತ್ತಿರಲಿಲ್ಲ. ನಾನು ಹೇಳುತ್ತೇನೆ. ಮಾಡುವವಳು ಅವನ ಹೆಂಡತಿ, ನನ್ನ ವೈನಿ, ರತ್ನವ್ವ.

ನಾನು ಬರೆಯಲು ಕೂತದ್ದು ವೈನಿಯ ಬಗ್ಗೆ. ನೋಡಿ, ಅಷ್ಟರಲ್ಲಿ ಅಣ್ಣನೇ ಮೊದಲು ಬಂದು ಕೂತುಬಿಟ್ಟ. ಅವಳ ಬದುಕಿನಲ್ಲೂ ಹೀಗೇ ಆಗಿತ್ತು.

ನನ್ನ ಗಂಡ ರೈಲ್ವೆಯಲ್ಲಿದ್ದರು. ಅವರನ್ನು ಲೋಂಡಾಕ್ಕೆ ಹಾಕಿದಾಗ, ಅಲ್ಲಿ ಮನೆ ಸಿಗುವ ತನಕ ಎಂದು ನಾನು ಅಣ್ಣನ ಮನೆಗೆ ಬಂದೆ. ಅದು ಅರವತ್ತನೇ ಇಸವಿ. ಸಿಗುವ ತನಕ ಎಂದದ್ದು ಮೂರು ವರ್ಷ ದಾಟಿತು. ಹಳೇ ಹುಬ್ಬಳ್ಳಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಅಂಗಳ ಒಂದೇ, ಅದರ ಆಚೆ ಬದಿಗೆ ಪಿಂಜಾರ ಅಹಮದಸಾಬನ ಮನೆ. ಅವನು ಗಾದಿ ಹಿಂಜಲು ಊರೂರು ತಿರುಗುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ ಮದೀನಾಬಿ, ಮಗಳು ರಸೂಲಬಿ. ಅಣ್ಣನಿಗೆ ಆಗಿನ್ನೂ ಮಕ್ಕಳಿರಲಿಲ್ಲ.

ಆ ಮನೆಯಲ್ಲಿ ಏನೇನು ತಯಾರಾಗುತ್ತಿತ್ತು ಎಂದು ಹೇಳುತ್ತೇನೆ, ಹಲ್ಲಿನ ಪುಡಿಯಿಂದ ಹಿಡಿಯೋಣ. ಶೇಂಗಾ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಉಪ್ಪು ಹಾಕಿ ಕುಟ್ಟಿ, ಅರಿವೆಯಲ್ಲಿ ಸೋಸಿದ ಕರಿ ಪುಡಿ ಅದು. ಹಲ್ಲು ಬೆಳ್ಳಗಾಗುತ್ತಿದ್ದವು, ಸುಳ್ಳು ಹೇಳಬಾರದು. ಆದರೆ ತುಟಿ, ಗಲ್ಲ, ಮೋರಿ, ಒರೆಸಿಕೊಳ್ಳುವ ಪಂಜೆ ಎಲ್ಲ ಕರ್ರಗೆ. ಸಾಬೂನು ಹತ್ತಿಕಾಳಿನ ಎಣ್ಣೆಯದು. ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿಸಿ ತಿರುವಿ ತಿರುವಿ ವೈನಿಯ ಬೆರಳ ಸಂದುಗಳು ಒಡೆದಿದ್ದವು. ಆ ಸಾಬೂನು ತಿಕ್ಕಿಕೊಂಡರೆ ನೊರೆ ಬರುವ ಮೊದಲು ಚರ್ಮ ಬರುತ್ತಿತ್ತು. ತಲೆಗೆ ಸೀಗೆಕಾಯಿ, ಅಂಟವಾಳ. ಅದನ್ನು ಕುಟ್ಟುವ ದಿನ ಓಣಿಯ ತುಂಬ ಸೀನು. ಸಗಣಿಗೆ ಗಂಧದ ಪುಡಿ ಕಲಸಿ ಮಾಡಿದ ಊದಿನಕಡ್ಡಿ ಹಚ್ಚಿದರೆ ಜಗುಲಿಯ ಮೇಲಿನ ದೇವರಿಗೂ ಕೆಮ್ಮು ಬಂದೀತು.

ಇನ್ನು ಸಿಹಿ. ಧಾರವಾಡದ ಪೇಡೆ ಅಂದರೆ ಅಣ್ಣನಿಗೂ ಬಾಯಲ್ಲಿ ನೀರು. ಆದರೆ ಕೊಳ್ಳಬಾರದಲ್ಲ! ಹುರಿದ ಶೇಂಗಾ ಪುಡಿಗೆ ಬೆಲ್ಲ ಹಾಕಿ, ಹಾಲಲ್ಲಿ ಕಲಸಿ, ವೈನಿಯ ಕೈಯಿಂದ ಉಂಡೆ ಕಟ್ಟಿಸಿ, ಮೇಲೆ ಚೂರು ಸಕ್ಕರೆ ಉದುರಿಸಿ ಅದಕ್ಕೆ ಪೇಡೆ ಎಂದು ಹೆಸರಿಟ್ಟ. ರುಚಿಯಾಗಿಯೇ ಇತ್ತು. ಶೇಂಗಾ ಉಂಡೆ ಎಂದು ಕೊಟ್ಟಿದ್ದರೆ ನಾನೇ ನಾಲ್ಕು ತಿನ್ನುತ್ತಿದ್ದೆ. ಪೇಡೆ ಎಂದು ಕೊಡುತ್ತಿದ್ದನಲ್ಲ, ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ಕೊಟ್ಟು, “ಹೆಂಗೈತ್ರಿ? ಪೇಟೀ ಪೇಡೆ ಇದರ ಮುಂದ ಏನೂ ಅಲ್ಲ ಬಿಡ್ರಿ” ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಪಾಪ, ಬಂದವರು ಬಾಯಲ್ಲಿ ಉಂಡೆ ಇಟ್ಟುಕೊಂಡು ಗೋಣು ಹಾಕುತ್ತಿದ್ದರು.

ಅಣ್ಣ ಜಿಪುಣ ಎಂದು ನೀವು ತಿಳಿಯಬಾರದು. ಎಷ್ಟೇ ಸಿಟ್ಟಿದ್ದರೂ ಇದನ್ನು ಹೇಳಲೇಬೇಕು. ನಮ್ಮಪ್ಪ ಮಹಾಂತಯ್ಯ ತೀರಿಕೊಂಡಾಗ ನಾನು ತೊಟ್ಟಿಲ ಕೂಸು. ನಮ್ಮದು ಜಂಗಮರ ಮನೆ, ಊರ ಜನ ‘ಅಯ್ನಾರು’ ಎಂದು ಕರೆಯುವವರು. ಹತ್ತು ವರ್ಷದ ಅಣ್ಣ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆ ಮನೆಯ ಮುಂದೆ ನಿಂತು ಕೋರಾಣ್ಯ ಬೇಡಿ ತಂದ ಹಿಟ್ಟಿನಲ್ಲಿ ನಾನು ಬೆಳೆದವಳು. ಭಿಕ್ಷೆ ನೀಡುವುದು ಪುಣ್ಯ ಎಂದು ಕೊಡುವವರೇ ಬಹಳ. ಆದರೂ ಒಬ್ಬಾಕೆ ಒಂದು ದಿನ, “ನಿನ್ನೆರ ಬಂದಿದ್ದೆಲ್ಲೋ ತಮ್ಮಾ” ಎಂದಳಂತೆ. ಅವನು ಅಂದೇ ಜೋಳಿಗೆ ಗೂಟಕ್ಕೆ ಹಾಕಿ ಅಡತಿ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದ. ಮುಂದೆ ಅಲ್ಲೇ ಬರವಣಿಗೆ ಕಲಿತು ಗುಮಾಸ್ತನಾದ. ಯಾರ ಮುಂದೆಯೂ ಕೈ ಒಡ್ಡಬಾರದು ಎನ್ನುವುದು ಅವನ ತಲೆಯಲ್ಲಿ ಹಾಗೆ ಕೂತದ್ದು. ಅಂಗಡಿಯವನ ಮುಂದೆ ದುಡ್ಡು ಕೊಟ್ಟು ಕೈ ಚಾಚುವುದೂ ಅವನಿಗೆ ಕೈ ಒಡ್ಡಿದ ಹಾಗೇ ಕಾಣುತ್ತಿತ್ತು ಎಂದು ಕಾಣುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಬರುತ್ತದೆ, ಏನು ಮಾಡಲಿ? ಉಳಿತಾಯ ಅವನದು, ರಟ್ಟೆ ವೈನಿಯದು.

ವೈನಿ ಸುಳ್ಳ ಎಂಬ ಹಳ್ಳಿಯ ಹುಡುಗಿ. ಅಲ್ಲಿಯ ಸಾಲೆಯಲ್ಲಿ ಆರನೇ ಇಯತ್ತೆಯವರೆಗೆ ಓದಿ, ಲಗ್ನವಾಗಿ ಹುಬ್ಬಳ್ಳಿಗೆ ಬಂದವಳು. ಬೆಳ್ಳಗಿನ ಮೈ, ಗಿಡ್ಡ ಆಳು, ಮಾತು ಬಹಳ ಕಡಿಮೆ. ಅವಳ ಅಕ್ಷರ ಮಾತ್ರ ನೋಡುವಂತಿದ್ದವು. ಓಣಿಯವರು ಕಾಗದ ಬರೆಸಿಕೊಳ್ಳಲು ಅವಳ ಹತ್ತಿರವೇ ಬರುತ್ತಿದ್ದರು. ಹಾಗೆ ಒಮ್ಮೆ ಯಾರದೋ ಕಾಗದದ ಮೇಲಿನ ಅಕ್ಷರ ನೋಡಿದ ಹೆಣ್ಣುಮಕ್ಕಳ ಸಾಲೆಯ ದೊಡ್ಡ ಅಕ್ಕೋರು ಹುಡುಕಿಕೊಂಡು ಮನೆಗೇ ಬಂದರು.

“ಮುಲ್ಕಿ ಪರೀಕ್ಷಾಕ್ಕ ಹೊರಗಿನಿಂದ ಕೂಡು, ರತ್ನವ್ವಾ” ಎಂದರು. “ಪಾಸಾದ್ರ ನನ್ನ ಸಾಲ್ಯಾಗ ಜಾಗಾ ಅದ. ಆದರ ವಯಸ್ಸು ಇಪ್ಪತ್ತೈದು ತುಂಬೂದರೊಳಗ ನೌಕರೀ ಅರ್ಜಿ ಹೋಗಬೇಕು ನೋಡು. ಆಮ್ಯಾಲೆ ತಗೊಳ್ಳೂದಿಲ್ಲ.”

ಮುಲ್ಕಿ ಎಂದರೆ ಏಳನೇ ಇಯತ್ತೆಯ ಪರೀಕ್ಷೆ. ಆಗಿನ ಕಾಲಕ್ಕೆ ಅದು ಪಾಸಾದ ಹೆಂಗಸು ಮಾಸ್ತರಿಕೆ ಮಾಡಬಹುದಿತ್ತು. ವೈನಿಗೆ ಮುಂದಿನ ದಸರೆಗೆ ಇಪ್ಪತ್ತೈದು ತುಂಬುತ್ತಿತ್ತು. ಏಪ್ರಿಲ್‌ನಲ್ಲಿ ಬರುವ ಪರೀಕ್ಷೆ ಒಂದೇ ಅವಳ ಕೈಯಲ್ಲಿ ಉಳಿದದ್ದು. ಅದು ತಪ್ಪಿದರೆ ತಪ್ಪಿತು.

ಅಣ್ಣ ಬೇಡ ಅನ್ನಲಿಲ್ಲ. ಫೀ ತಾನೇ ತುಂಬಿದ, ಪುಸ್ತಕ ಎರವಲು ತಂದುಕೊಟ್ಟ. “ಕಲತ್ರ ಛಲೋನ ಆತು. ಮನೀ ಕೆಲಸ ಮಾತ್ರ ನಿಲ್ಲಬಾರದು” ಎಂದ. ಕೆಲಸವೇನೂ ನಿಲ್ಲಲಿಲ್ಲ. ವೈನಿ ಒಳ್ಳಿನ ಎದುರು ಗೋಡೆಗೆ ಪುಸ್ತಕ ಆನಿಸಿ ಇಟ್ಟು ಕುಟ್ಟುತ್ತ ಓದುತ್ತಿದ್ದಳು. ಒನಕೆಯ ಒಂದೊಂದು ಪೆಟ್ಟಿಗೆ ಒಂದೊಂದು ಇಸವಿ. ಸೀಗೆಕಾಯಿಯ ಜೊತೆಗೆ ವಿಜಯನಗರ, ಶೇಂಗಾ ಇದ್ದಿಲಿನ ಜೊತೆಗೆ ಪೇಶವೆಯರು. ಪುಟ ತಿರುವುವುದು ನನ್ನ ಕೆಲಸ. ನಾನು ಓದಿದ್ದು ನಾಲ್ಕನೇ ಇಯತ್ತೆ, ಆದರೂ ಆ ವರ್ಷ ಕೇಳಿ ಕೇಳಿ ನನಗೂ ಇತಿಹಾಸ ಬಾಯಿಪಾಠವಾಗಿತ್ತು.

ಒಂದು ದಿನ ಕೇಳಿದೆ, “ವೈನಿ, ಪಗಾರ ಬಂದ್ರ ಮೊದಲ ಏನ ತಗೋತೀರಿ?”

ಅವಳು ಒನಕೆ ನಿಲ್ಲಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು, “ಒಂದು ವಾಸನೀ ಸಾಬೂನು.”

ಹೇಳಿ ಕಳ್ಳಿಯ ಹಾಗೆ ನಕ್ಕಳು. ಪಂಚಮಿಗೆ ತವರಿಗೆ ಹೋದಾಗ ಅವಳಪ್ಪ ಕೊಟ್ಟ ಒಂದು ರೂಪಾಯಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೇ ಇತ್ತು. ಅದರಲ್ಲಿ ಈಗಲೇ ಕೊಳ್ಳಬಹುದಲ್ಲ ಎಂದೆ. “ಇದು ಅಪ್ಪನ ರೊಕ್ಕ. ಆಗಬೇಕಾದ್ದು ನನ್ನ ರೊಕ್ಕದಾಗ” ಎಂದಳು.

ಪರೀಕ್ಷೆಗೆ ಹದಿನೈದು ದಿನ ಇತ್ತು. ಅಷ್ಟು ವರ್ಷದಲ್ಲಿ ವೈನಿ ಬಾಯಿಬಿಟ್ಟು ಗಂಡನನ್ನು ಕೇಳಿದ್ದು ನಾನು ಕಂಡ ಹಾಗೆ ಅದೊಂದೇ ಸಲ.

“ಏನ್ರೀ, ಪೇಟಿಯಿಂದ ಒಂದು ಮಸೀ ಬಾಟ್ಲಿ ತರ್ರಿ. ಪರೀಕ್ಷಾಕ್ಕ ಬೇಕು.”

ಅಣ್ಣನ ಮುಖ ಅರಳಿತು. ಇಂಥದೊಂದು ಅವನಿಗೆ ಬೇಕೇ ಆಗಿತ್ತು. “ಪೇಟೀ ಮಸಿ? ನೀರು ಅದು, ಬರೇ ನೀಲಿ ನೀರು. ನಮ್ಮ ಅಂಗಡ್ಯಾಗಿನ ಲೆಕ್ಕದ ವಹಿ ನೋಡೀಯೇನು? ನಮ್ಮ ಮಾಲಕರ ಮುತ್ಯಾ ಬರದದ್ದು ಇನ್ನೂ ಕರ್ರಗ ಮಿಂಚತೈತಿ. ಆ ಮಸಿ ಮಾಡೂದು ನನಗ ಬರತೈತಿ. ನಾನ ಮಾಡಿ ಕೊಡ್ತೇನಿ ನಿನಗ.”

ಮುಂದಿನ ಆದಿತ್ಯವಾರ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕಬ್ಬಿಣದ ಬೋಗುಣಿ ಇಟ್ಟು ತಾನೇ ಬೆಂಕಿಯ ಮುಂದೆ ಕೂತ. ಅವನು ಸ್ವಂತ ಕೈಯಿಂದ ಮಾಡಿದ್ದನ್ನು ನಾನು ನೋಡಿದ್ದು ಅದು ಮೊದಲು. ಅಳಲೆಕಾಯಿ ಜಜ್ಜಿ ಕುದಿಸಿದ. ಅನ್ನಭೇದಿಯ ಹಸಿರು ಹರಳು ಹಾಕಿದ, ನೀರು ಕಾಡಿಗೆಯ ಹಾಗೆ ಕಪ್ಪಾಯಿತು. ದೀಪದ ಮಸಿ ಕೆರೆದು ಹಾಕಿದ. ಕೊನೆಗೆ ಜಾಲಿಯ ಅಂಟು. ವೈನಿ ಜಗಲಿಯ ಮೇಲೆ ಭೂಗೋಳದ ಪುಸ್ತಕ ಹಿಡಿದು ಕೂತಿದ್ದಳು, ಅಂದು ಅವಳಿಗೆ ಕುಟ್ಟುವ ಕೆಲಸವಿರಲಿಲ್ಲ.

“ಅಂಗಡೀ ಮಸಿಗೆ ಒಂದ ಹಿಡಿ ಅಂಟು ಹಾಕ್ತಾರ” ಎಂದು ಅಣ್ಣ ನನಗೆ ಹೇಳಿದ. “ಇದು ಪರೀಕ್ಷಾದ್ದು. ಎರಡು ಹಿಡಿ ಹಾಕೂನು. ಅಕ್ಷರ ಹೆಂಗ ಹೊಳಿತಾವು ನೋಡು. ತಪಾಸ ಮಾಡೂ ಮಾಸ್ತರ ಕಣ್ಣು ಕುಕ್ಕಬೇಕು.”

ಬೆವರು ಒರೆಸಿಕೊಳ್ಳುತ್ತ ಅವನು ಹಾಗೆ ಹೇಳಿದಾಗ ನನಗೆ ಒಂದು ಕ್ಷಣ ಅವನ ಮೇಲೆ ಪ್ರೀತಿ ಬಂದದ್ದೂ ಖರೇ.

ಮಸಿ ತಣಿದ ಮೇಲೆ ಟಾಕು ಅದ್ದಿ ಹಳೇ ವಹಿಯ ಹಾಳೆಯ ಮೇಲೆ ವೈನಿಯ ಹೆಸರು ಬರೆದ. ಅಂಗಡಿಯ ರೂಢಿಯಂತೆ ಮೇಲೆ ಸಣ್ಣ ಮರಳು ಉದುರಿಸಿ ಝಾಡಿಸಿದ. ಅಕ್ಷರಗಳು ಎರೆಮಣ್ಣು ಮಳೆಯಲ್ಲಿ ನೆನೆದ ಹಾಗೆ ಕರ್ರಗೆ ಹೊಳೆದವು. ಅಂಗಡಿಯಲ್ಲಿ ಅವರು ಒಂದು ಪುಟ ಬರೆಯುತ್ತಾರೆ, ಮರಳು ಉದುರಿಸುತ್ತಾರೆ, ವಹಿ ತೆರೆದೇ ಇಟ್ಟು ಚಹಾಕ್ಕೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಮರಳು ತಂದು ಕೊಡುವವರು ಯಾರು, ಪುಟ ತೆರೆದಿಟ್ಟು ಚಹಾಕ್ಕೆ ಬಿಡುವವರು ಯಾರು? ಇದು ಅವನಿಗೆ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಪರೀಕ್ಷೆ ಎರಡು ದಿನ. ಎರಡೂ ದಿನ ನಾನೇ ಅವಳ ಜೊತೆಗೆ ಹೋಗಿ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದೆ. ಮೊದಲ ದಿನ ಹೊರಗೆ ಬಂದಾಗ ವೈನಿಯ ಮುಖ ನೋಡಬೇಕಿತ್ತು, ಕೇಳಿದ್ದೆಲ್ಲ ಬಂದಿತ್ತು. ಮುಂಗೈ ತೋರಿಸಿ ನಕ್ಕಳು. ಬಳೆಯ ಹಿಂದೆ, ಬೆವರಿದ ಚರ್ಮದ ಮೇಲೆ, ಒಂದು ಸಾಲು ಅಕ್ಷರ ತಿರುವುಮುರುವಾಗಿ ಒತ್ತಿಕೊಂಡಿತ್ತು.

“ಹಾಳೀ ಮ್ಯಾಲೆ ಕೈ ಊರಿದ್ರ ಅಂಟಾಕತ್ತಿತ್ತು ನೋಡ ಚನ್ನವ್ವಾ” ಎಂದಳು. ನಾವಿಬ್ಬರೂ ನಕ್ಕೆವು. ಮನೆಯಲ್ಲಿ ಅಣ್ಣ ಆ ಮುಂಗೈ ಹಿಡಿದು ನೋಡಿ, “ಎಷ್ಟು ಗಟ್ಟಿ ಮಸಿ ನೋಡ್ರಿ!” ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ. ಎರಡನೇ ದಿನ ಸಂಜೆ ಗುಡುಗು ಸಿಡಿಲು ಸಮೇತ ಅಡ್ಡಮಳೆ ಹೊಡೆಯಿತು. ಪರೀಕ್ಷೆ ಮುಗಿದಿತ್ತಲ್ಲ, ನಾವು ಕಿಟಕಿಯಲ್ಲಿ ಕೂತು ಆಲಿಕಲ್ಲು ನೋಡಿದೆವು.

ಜೂನ್ ತಿಂಗಳಲ್ಲಿ ಪರೀಕ್ಷೆಯ ನಿಕಾಲ ಬಂತು. ವೈನಿಯ ನಂಬರು ಇರಲಿಲ್ಲ.

ದೊಡ್ಡ ಅಕ್ಕೋರು ಎರಡು ಸಲ ನೋಡಿದರು, ಇರಲಿಲ್ಲ. ವೈನಿ ಅಳಲಿಲ್ಲ. ಬಂದು ಶೇಂಗಾ ಸಿಪ್ಪೆ ಸುಡಲು ಕೂತಳು. ಅಣ್ಣ ಅವಳನ್ನು ಸಮಾಧಾನ ಮಾಡಿದ. “ಹೋಗ್ಲಿ ಬಿಡು. ಎಲ್ಲಾರಿಗೂ ಓದು ಹತ್ತೂದಿಲ್ಲ. ಅದಕ್ಕೂ ಹಣ್ಯಾಗ ಬರದಿರಬೇಕು” ಎಂದ. ಅವನು ಮೆತ್ತಗೆ, ಪ್ರೀತಿಯಿಂದಲೇ ಹೇಳಿದ. ಬೈದಿದ್ದರೆ ಒಳ್ಳೆಯದಿತ್ತು, ನಾನು ತಿರುಗಿ ಬೈಯಬಹುದಿತ್ತು.

ನನಗೆ ನಂಬಿಕೆ ಬರಲಿಲ್ಲ. ಒನಕೆಯ ಪೆಟ್ಟಿಗೆ ಇಸವಿ ಹೇಳುವವಳು ಅನುತ್ತೀರ್ಣ ಆಗುವುದೆಂದರೇನು? ದೊಡ್ಡ ಅಕ್ಕೋರಿಗೂ ಬರಲಿಲ್ಲ. ಧಾರವಾಡದಲ್ಲಿ ಉತ್ತರಪತ್ರಿಕೆ ಇಡುವ ಕಚೇರಿಯಲ್ಲಿ ಅವರಿಗೆ ಪರಿಚಯದ ವೆಂಕಣ್ಣ ಎನ್ನುವ ಹಿರಿಯ ಕಾರಕೂನರಿದ್ದರು. ಅವರಿಗೊಂದು ಚೀಟಿ ಬರೆದು ಕೊಟ್ಟರು. ಮುರುಘಾಮಠಕ್ಕೆ ಹೋಗಿ ಬರುತ್ತೇವೆ ಎಂದು ಅಣ್ಣನಿಗೆ ಹೇಳಿ, ರೊಟ್ಟಿ ಚಟ್ನಿ ಕಟ್ಟಿಕೊಂಡು ನಾವಿಬ್ಬರೂ ಮೋಟಾರು ಹತ್ತಿದೆವು. ಈಗ ನವನಗರದ ಮನೆಗಳು ನಿಂತಿರುವಲ್ಲಿ ಆಗ ಬರೀ ಹೊಲ. ವೈನಿ ದಾರಿಯುದ್ದಕ್ಕೂ ಆ ಹೊಲಗಳನ್ನು ನೋಡುತ್ತ ಕೂತಿದ್ದಳು. ಕೇಳಿದ್ದಕ್ಕೆ, “ಕೂಡಿಸೂದರಾಗ ತಪ್ಪಿರಬೇಕು” ಎಂದಳು. ಅವಳಿಗಿನ್ನೂ ಆಸೆ ಇತ್ತು.

ವೆಂಕಣ್ಣನವರು ಮೂಗಿನ ತುದಿಗೆ ಚಾಳೀಸು ಇಟ್ಟುಕೊಂಡ ಮುದುಕರು. ಚೀಟಿ ಓದಿ, ನಮ್ಮನ್ನು ಬಾಕಿನ ಮೇಲೆ ಕೂಡಿಸಿ, ಒಳಗೆ ಹೋಗಿ ಅರ್ಧ ತಾಸಿಗೆ ಬಂದರು. ಕೈಯಲ್ಲಿ ಮೂರು ಉತ್ತರಪತ್ರಿಕೆ ಇದ್ದವು.

“ಇದು ಗಣಿತ. ಎಪ್ಪತ್ತೊಂದು ಬಂದಾವ, ಭೇಷ್” ಎಂದು ಮೊದಲನೆಯದನ್ನು ತೋರಿಸಿದರು. ಅದರಲ್ಲಿ ಅಂಕಿಗಳ ನಡುವೆ ಬಿಳಿ ಜಾಗವೇ ಬಹಳ. ಆಮೇಲೆ ಉಳಿದ ಎರಡನ್ನು ಮೇಜಿನ ಮೇಲಿಟ್ಟರು. “ಇವು ನೋಡ್ರಿ. ಕನ್ನಡ, ಮತ್ತ ಇತಿಹಾಸ-ಭೂಗೋಳ.”

ಅವು ಪತ್ರಿಕೆಯಾಗಿ ಉಳಿದಿರಲಿಲ್ಲ. ಹಾಳೆಗೆ ಹಾಳೆ ಅಂಟಿ ಹಪ್ಪಳದ ಹಾಗೆ ಸೆಟೆದಿದ್ದವು. ಯಾರೋ ನಡುವೆ ಎಳೆದು ಬಿಡಿಸಲು ನೋಡಿದ್ದರು. ಒಂದು ಪುಟದ ಅಕ್ಷರಗಳು ಕಿತ್ತು ಎದುರಿನ ಪುಟಕ್ಕೆ ಹೋಗಿ, ಅಲ್ಲಿಯ ಅಕ್ಷರಗಳ ಮೇಲೆ ತಿರುವುಮುರುವಾಗಿ ಕೂತಿದ್ದವು. ಎಲ್ಲೆಲ್ಲೂ ಕಪ್ಪು. ಆ ಕಪ್ಪು ಮಾತ್ರ ಇನ್ನೂ ಹೊಳೆಯುತ್ತಿತ್ತು.

“ಅವತ್ತು ಅಡ್ಡಮಳಿ ಆತಲ್ಲ, ಕಟ್ಟು ಎಲ್ಲಾ ಥಂಡಿ ಹಿಡದಿದ್ವು. ಬಿಸಲಿಗೆ ಹಾಕಿ ಒಣಗಿಸಿದ್ವಿ. ಉಳದವರ ಮಸಿಗೆ ಏನೂ ಆಗಲಿಲ್ಲ. ನಿಮ್ಮದೊಂದ ಹೀಂಗಾತು” ಎಂದರು ವೆಂಕಣ್ಣನವರು. “ತಪಾಸ ಮಾಡಿದವರು ಓದಲಿಕ್ಕೆ ಭಾಳ ಪ್ರಯತ್ನ ಮಾಡ್ಯಾರ್ರಿ. ಓದಲಿಕ್ಕೆ ಬರದ್ದಕ್ಕ ಗುಣಾ ಹೆಂಗ ಕೊಡೂದು? ಅಲ್ಲ ತಂಗೀ, ಇದೆಂಥಾ ಮಸಿ? ಎಲ್ಲಿಂದ ತಂದಿದ್ರಿ?”

ನಾನು ಬಾಯಿ ತೆರೆದೆ. ವೈನಿ ನನ್ನ ತೊಡೆಯನ್ನು ಸೆರಗಿನ ಮರೆಯಲ್ಲಿ ಎಷ್ಟು ಜೋರಾಗಿ ಚಿವುಟಿದಳೆಂದರೆ ಎಂಟು ದಿನ ಕಪ್ಪು ಕಲೆ ಇತ್ತು.

“ಪೇಟೀದ್ರೀ” ಎಂದಳು.

“ಯಾವ ಅಂಗಡಿ? ಅವಗ ಹೋಗಿ ಝಾಡಸ್ರಿ ಮೊದಲ. ಹೆಣ್ಣಮಗಳ ಒಂದು ವರ್ಷ ಹಾಳ ಮಾಡಿದನಲ್ಲಾ!”

ವರ್ಷವಲ್ಲ, ಇಡೀ ಬದುಕು ಎಂದು ಅವರಿಗೆ ಗೊತ್ತಿರಲಿಲ್ಲ. ವೈನಿ ಕೈ ಮುಗಿದು ಎದ್ದಳು.

ಮಠಕ್ಕೂ ಹೋದೆವು, ಹೇಳಿದ್ದು ಸುಳ್ಳಾಗಬಾರದು ಎಂದು ಅವಳ ಹಟ. ತಿರುಗಿ ಬರುವಾಗ ಮೋಟಾರಿನಲ್ಲಿ ನಾನು ತಡೆಯಲಾರದೆ, “ಮನೀಗೆ ಹೋದ ಕೂಡಲೇ ಹೇಳ್ತೇನಿ ಅಣ್ಣಗ. ಅವನ ಮಸಿ ಅವನ ತಲಿ ಮ್ಯಾಲ ಸುರೀತೇನಿ” ಎಂದೆ.

“ಹೇಳಬ್ಯಾಡ.”

“ಯಾಕ? ಎಲ್ಲಾರಿಗೂ ಓದು ಹತ್ತೂದಿಲ್ಲ ಅಂದನಲ್ಲ ನಿಮಗ! ಕೇಳಿಸಿಕೊಂಡು ಸುಮ್ಮನಿರ್ತೀರೇನು?”

ವೈನಿ ಹೇಳಿದಳು, “ಹೇಳಿದ್ರ ನನ್ನ ಪರೀಕ್ಷಾ ತಿರುಗಿ ಬರ್ತೈತೇನು? ದಸರಾಕ್ಕ ಇಪ್ಪತ್ತೈದು ತುಂಬತೈತಿ. ಅವರು ಜನ್ಮದಾಗ ತಮ್ಮ ಕೈಲೆ ನನಗಂತ ಮಾಡಿದ್ದು ಅದೊಂದ. ಅದರಾಗ ಹಿಂಗಾತು ಅಂತ ಗೊತ್ತಾದ್ರ ಅವರು ಉಣ್ಣೂದಿಲ್ಲ.”

“ಉಣದಿದ್ರ ಉಪವಾಸ ಇರಲಿ!”

ಅವಳದು ಒಳ್ಳೆಯತನವೋ ಮೂರ್ಖತನವೋ ನನಗೆ ಆಗಲೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ತಿಳಿಯದ್ದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಮಾತು ಕೊಟ್ಟಿದ್ದೆ, ಬಾಯಿ ಮುಚ್ಚಿಕೊಂಡೆ. ನಮ್ಮ ಅಂಗಳದಲ್ಲಿ ಸಾಬೂನು, ಹಲ್ಲಿನ ಪುಡಿ, ಶೇಂಗಾದ ಪೇಡೆ ಮೊದಲಿನಂತೆಯೇ ನಡೆದವು.

ಮರುವರ್ಷ ಮದೀನಾಬಿಯ ಮಗಳು ರಸೂಲಬಿ ಮುಲ್ಕಿಗೆ ಕೂತಳು. ವೈನಿಯೇ ಅವಳಿಗೆ ಪಾಠ ಹೇಳಿಕೊಟ್ಟಳು. ಅದೇ ಪುಸ್ತಕ, ಅದೇ ಒಳ್ಳು, ಅದೇ ಇಸವಿಗಳು. ಈ ಸಲ ಪುಟ ತಿರುವುವವಳು ರಸೂಲಬಿ, ಕುಟ್ಟುತ್ತ ಪ್ರಶ್ನೆ ಕೇಳುವವಳು ವೈನಿ. ಹುಡುಗಿ ಚುರುಕಿದ್ದಳು.

ಪರೀಕ್ಷೆಗೆ ಎರಡು ದಿನ ಇರುವಾಗ ಅಣ್ಣ ಮುಂಜಾನೆ ಅಂಗಡಿಗೆ ಹೊರಟವನು ಒಂದು ಬಾಟ್ಲಿಯನ್ನು ವೈನಿಯ ಮುಂದಿಟ್ಟ. ಒಳಗೆ ಕರ್ರನೆಯ ಮಸಿ.

“ರಸೂಲಬಿಗೆ ಕೊಡು. ಹ್ವಾದ ವರ್ಷದ್ದು ಉಳದಿತ್ತು, ಆರಿ ಗಟ್ಟಿಯಾಗಿತ್ತು. ಬಿಸಿನೀರು ಬೆರಸಿ, ಮತ್ತೊಂದು ಹಿಡಿ ಅಂಟು ಹಾಕಿ ಸರಿ ಮಾಡೇನಿ. ಅಹಮದಸಾಬ ಬಡವ, ಅವನ ಮಗಳು ಪೇಟೀ ಮಸಿ ಎಲ್ಲಿಂದ ತರತಾಳ?”

ಅವನು ಹೋದ ಮೇಲೆ ವೈನಿ ಆ ಬಾಟ್ಲಿಯನ್ನು ನೋಡುತ್ತ ನಿಂತಳು. ಅವಳೇನು ಮಾಡುತ್ತಾಳೆ ನೋಡೋಣ ಎಂದು ನಾನು ಬಾಗಿಲಲ್ಲೇ ನಿಂತೆ. ಅವಳು ಬಾಟ್ಲಿ ತೆಗೆದುಕೊಂಡು ಬಚ್ಚಲಿಗೆ ಹೋಗಿ ಮೋರಿಗೆ ಸುರಿದಳು. ಆ ಮನೆಯಲ್ಲಿ ಅವಳು ಒಂದು ಹನಿ ಎಣ್ಣೆ, ಒಂದು ಚಿಟಿಕೆ ಉಪ್ಪು ಚೆಲ್ಲಿದ್ದನ್ನು ನಾನು ನೋಡಿರಲಿಲ್ಲ. ಬಾಟ್ಲಿಯನ್ನು ಮೂರು ಸಲ ತೊಳೆದು ಬಿಸಿಲಿಗೆ ಬೋರಲು ಹಾಕಿ, “ನಡಿ, ದುರ್ಗದಬೈಲ ಪೇಟಿಗೆ ಹೋಗೂನು” ಎಂದಳು.

ಅಲ್ಲಿಯ ಅಂಗಡಿಯೊಂದರಲ್ಲಿ ಅವಳು ಸೆರಗಿನ ಗಂಟು ಬಿಚ್ಚಿದಳು. ಅಪ್ಪನ ರೂಪಾಯಿ ಬಟ್ಟೆಯ ಬಣ್ಣ ಹತ್ತಿ ಕೆಂಪಗಾಗಿತ್ತು. ಅಂಗಡಿಯವನ ಹಿಂದೆ, ಹಲಗೆಯ ಮೇಲೆ, ಚಿತ್ರದ ಕಾಗದ ಸುತ್ತಿದ ವಾಸನೆ ಸಾಬೂನುಗಳು ಸಾಲಾಗಿದ್ದವು. ವೈನಿ ಒಂದನ್ನು ಕೇಳಿ ಇಸಿದುಕೊಂಡು, ಕಾಗದದ ಮೇಲಿಂದಲೇ ಮೂಸಿ ನೋಡಿ, ತಿರುಗಿ ಕೊಟ್ಟಳು.

“ಇದು ಬ್ಯಾಡ್ರಿ. ಮಸಿ ಕೊಡ್ರಿ. ದೊಡ್ಡ ಬಾಟ್ಲಿ, ಕರೇದು, ಎಲ್ಲಾದಕಿಂತ ಛಲೋದು.”

ಉಳಿದ ಚಿಲ್ಲರೆಗೆ ಮಸಿ ಹೀರುವ ಒಂದು ಒತ್ತುಕಾಗದ, ಟಾಕಿಗೆ ಎರಡು ಹೊಸ ಮುಳ್ಳು. ಗಂಟು ಖಾಲಿಯಾಯಿತು. ಮನೆಗೆ ಬಂದು ಪೇಟೆಯ ಮಸಿಯನ್ನು ಅಣ್ಣನ ಬಾಟ್ಲಿಗೆ ತುಂಬಿ, ಪೇಟೆಯ ಬಾಟ್ಲಿಯನ್ನು ಒಲೆಯ ಬೂದಿಯಲ್ಲಿ ಹುಗಿದಳು. ರಸೂಲಬಿಗೆ ಕೊಡುವಾಗ, “ಅಯ್ನಾರ ಕೊಟ್ಟಾರ ನೋಡವ್ವಾ. ಬರದ ಮ್ಯಾಲ ಒತ್ತುಕಾಗದ ಒತ್ತೂದು ಮರೀಬ್ಯಾಡ” ಎಂದಳು.

ಜೂನ್‌ನಲ್ಲಿ ರಸೂಲಬಿಯ ನಂಬರು ಮೊದಲ ಸಾಲಿನಲ್ಲೇ ಇತ್ತು. ಅಹಮದಸಾಬ ಕುಣಿಯುವುದೊಂದೇ ಬಾಕಿ. ಧಾರವಾಡದ ಕಡೆ ಗಾದಿ ಹಿಂಜಲು ಹೋದವನು ಸಾಲ ಮಾಡಿ ಒಂದು ಡಬ್ಬಿ ಖರೇ ಖರೇ ಪೇಡೆ ತಂದಿದ್ದ. ಸಂಜೆ ತಾಯಿ ಮಗಳು ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಅಣ್ಣನ ಕಾಲಿಗೆ ಬಿದ್ದಳು.

“ಅಯ್ನಾರ, ನಿಮ್ಮ ಮಸೀ ಪುಣ್ಯಾ ರೀ ಇದು” ಎಂದಳು ಮದೀನಾಬಿ. “ಅಕ್ಷರ ಭಾಳ ಛಲೋ ಮೂಡ್ಯಾವ ಅಂತ ಅಕ್ಕೋರು ಅಂದ್ರಂತ.”

ಅಣ್ಣ ಹಿಗ್ಗಿ ಹೀರೆಕಾಯಿಯಾದ. ಜಗಲಿಯ ಮೇಲೆ ಕೂತು ಮಸಿ ಮಾಡುವ ಕ್ರಮವನ್ನು ಮೊದಲಿನಿಂದ ಹೇಳಿದ, ಅಳಲೆಕಾಯಿ, ಅನ್ನಭೇದಿ, ಅಂಟು. ಪೇಟೆಯ ಮಸಿಯನ್ನು ಮನಸ್ಸಿಗೆ ಬಂದಷ್ಟು ಬೈದ. ಪೇಡೆ ತಿಂದ, ಮತ್ತೊಂದು ತೆಗೆದುಕೊಂಡ. ಆಮೇಲೆ ಬಾಗಿಲಲ್ಲಿ ನಿಂತಿದ್ದ ವೈನಿಯ ಕಡೆ ತಿರುಗಿದ.

“ನೋಡಿದೇನು?” ಎಂದ. “ಅದ ಮಸಿ. ನಿನಗೂ ಅದನ್ನ ಕೊಟ್ಟಿದ್ದೆ. ಮನಸಿಟ್ಟು ಓದಿದವರಿಗೆ ಒಲೀತು. ನೀನೂ ಒಂದೀಟು ಲಕ್ಷ್ಯಗೊಟ್ಟು ಓದಿದ್ರ ಇವತ್ತು ಮಾಸ್ತರಿಕಿ ಮಾಡ್ತಿದ್ದಿ.”

ಒಂದು ವರ್ಷ ಹಿಡಿದಿಟ್ಟದ್ದೆಲ್ಲ ನಾಲಿಗೆಗೆ ಬಂತು. “ಅಣ್ಣಾ, ಕೇಳಿಲ್ಲೆ” ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ವೈನಿ ಒಂದು ಪೇಡೆ ತುರುಕಿದಳು. ಇಡೀ ಪೇಡೆ. ಹಾಲು ಕೋವಾದ, ಸಕ್ಕರೆ ಹೊರಳಿಸಿದ ಧಾರವಾಡದ ಪೇಡೆ. ಬಾಯಲ್ಲಿ ಬಿಸಿತುಪ್ಪವಾಯಿತು ನನಗೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಕೈ ತೆಗೆಯಲಿಲ್ಲ. ನಾನು ನುಂಗಿದೆ.

ಅಣ್ಣನಿಗೆ ಇದೊಂದೂ ತಿಳಿಯಲಿಲ್ಲ. ಅವನು ಅಷ್ಟರಲ್ಲಿ ಮುಂದಿನ ವರ್ಷದ ಲೆಕ್ಕದಲ್ಲಿದ್ದ.

“ಓಣಿ ಹುಡುಗೂರಿಗೆಲ್ಲಾ ನಾನ ಮಾಡಿ ಕೊಡ್ತೇನಿ ಇನ್ನ ಮುಂದ. ಅಳಲಿಕಾಯಿ ಎಷ್ಟು ಬೇಕಾದೀತು?”

“ಒಂದ ಸೇರು ಸಾಕ್ರಿ” ಎಂದಳು ವೈನಿ. ಸೆರಗಿನಿಂದ ಕೈಗೆ ಹತ್ತಿದ ಸಕ್ಕರೆ ಒರೆಸಿಕೊಂಡಳು. “ಅಂಟು ಮಾತ್ರ ಈ ಸಲ ಕಡಿಮಿ ಹಾಕ್ರಿ.”

“ಯಾಕ?”

“ಸುಮ್ಮನ” ಎಂದಳು. “ಉಳೀತೈತಿ.”